ದುಭಾಷಿಗಳ ಮೂರು ಬಾಟಲಿ

ಕಾಲ ಎಲ್ಲವನ್ನೂ ಮಾಗಿಸುತ್ತದೆ ಎಂಬುದು ಹಿರಿಯರ ಮಾತು. ಈ ಮಾತು ಹೇಳುವ ಹೊತ್ತಿಗೆ ಹಿರಿಯರಿಗೆ ಹಲ್ಲು ಹೋಗಿರುತ್ತದೆ. ಮಾಗಿದ್ದು ಯಾವುದು, ಕೊಳೆತದ್ದು ಯಾವುದು ಎಂದು ಕಚ್ಚಿ ನೋಡುವ ಯೋಗ್ಯತೆ ಉಳಿದಿರುವುದಿಲ್ಲ. ನಾನೂ ಈಗ ಅದೇ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡು ಕೂತಿರುವುದರಿಂದ ಧೈರ್ಯವಾಗಿ ಹೇಳುತ್ತಿದ್ದೇನೆ.

ಹೋದ ವಾರ ಸೊರಬದ ಕಡೆಯ ನಂಟರೊಬ್ಬರು ಮಾವಿನ ಮಿಡಿಯ ಉಪ್ಪಿನಕಾಯಿ ಭರಣಿಯೊಂದನ್ನು ತಂದುಕೊಟ್ಟರು. ಅವರ ಮನೆಯಲ್ಲಿ ಇನ್ನೂ ಸೌದೆ ಒಲೆ. ಭರಣಿಯ ಬಾಯಿಗೆ ಕಟ್ಟಿದ್ದ ಬಟ್ಟೆಯನ್ನು ನನ್ನ ಹೆಂಡತಿ ಬಿಚ್ಚಿದ್ದೇ ತಡ, ಹುಳಿಯೂ ಹೊಗೆಯೂ ಕೂಡಿದ ಒಂದು ವಾಸನೆ ಅಡುಗೆಮನೆ ದಾಟಿ ಜಗಲಿಗೆ ಬಂತು. ಪತ್ರಿಕೆ ಓದುತ್ತಿದ್ದವನು ಕನ್ನಡಕ ತೆಗೆದಿಟ್ಟೆ. ಉಪ್ಪಿನಕಾಯಿಯ ವಾಸನೆಗೆ ಫ್ರಾನ್ಸ್ ದೇಶ ನೆನಪಾಗುವ ಮನುಷ್ಯ ಇಡೀ ಶಿಕಾರಿಪುರದಲ್ಲಿ ನಾನೊಬ್ಬನೇ ಇರಬೇಕು...

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಸೊರಬದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಪಹಣಿ, ಖಾತೆ, ಜಮಾಬಂದಿ ಇವುಗಳ ಆಚೆಗೂ ಲೋಕವಿದೆ ಎಂದು ನನಗೆ ತಿಳಿದದ್ದು ಪಕ್ಕದ ಮನೆಯವರಿಂದ. ಪಕ್ಕದ ಮನೆ ಎಂದರೆ ಒಂದೇ ಮನೆಯ ಇನ್ನರ್ಧ. ನಡುವೆ ಹಲಗೆಯ ಗೋಡೆ. ನಾನು ಈಚೆ ಕೆಮ್ಮಿದರೆ ಅವರು ಆಚೆಯಿಂದ "ಶುಂಠಿ ಹಾಕ್ಕೊಳ್ರೀ" ಎನ್ನುತ್ತಿದ್ದರು. ಹೆಂಡತಿ ತೀರಿಕೊಂಡು ಎಷ್ಟೋ ವರ್ಷವಾಗಿದ್ದ ಒಂಟಿ ಮನುಷ್ಯ. ಊರು ಅವರನ್ನು ದುಭಾಷಿಗಳು ಎಂದೇ ಕರೆಯುತ್ತಿತ್ತು.

ಪಾಂಡಿಚೇರಿಯಲ್ಲಿ ಒಬ್ಬ ಫ್ರೆಂಚ್ ವೈನ್ ವರ್ತಕನ ಅಂಗಡಿಯಲ್ಲಿ ಅವರು ತಮ್ಮ ಅರ್ಧ ಆಯುಸ್ಸು ಕಳೆದಿದ್ದರು. ಸಂಸ್ಥಾನಗಳ ಕಾರಭಾರಿಗಳು, ಮದರಾಸಿನ ದೊರೆಗಳು ಖರೀದಿಗೆ ಬರುವರು. ಒಂದೇ ತೋಟದ, ಬೇರೆ ಬೇರೆ ವರ್ಷದ ವೈನುಗಳನ್ನು ಸಾಲಾಗಿ ಇಟ್ಟು, ಒಂದೊಂದು ಗುಟುಕು ಬಾಯಲ್ಲಿ ಆಡಿಸಿ ಹೋಲಿಸುವುದು ಅಲ್ಲಿನ ಕ್ರಮ. ವರ್ತಕ ಆಡಿಸುವನು, ಉಗಿಯುವನು, ಕಣ್ಣು ಮುಚ್ಚಿ ಫ್ರೆಂಚಿನಲ್ಲಿ ವರ್ಣಿಸುವನು. ಇವರು ಪಕ್ಕದಲ್ಲಿ ನಿಂತು ಅದನ್ನು ಕನ್ನಡಕ್ಕೋ ತಮಿಳಿಗೋ ಇಂಗ್ಲಿಷಿಗೋ ತಂದು ಹೇಳುವರು. ಈ ವರ್ಷದ್ದರಲ್ಲಿ ನೇರಳೆ ಹಣ್ಣು ಮುಂದೆ, ಒಗರು ಹಿಂದೆ. ಆ ವರ್ಷದ್ದರಲ್ಲಿ ಹಳೆಯ ತೊಗಲಿನ ಚೀಲ ಬಿಚ್ಚಿದ ಹಾಗೆ. ಇನ್ನೊಂದರಲ್ಲಿ ಮಳೆ ನಿಂತ ಮರುದಿನದ ಕಾಡಿನ ನೆಲ...

ಇಷ್ಟೆಲ್ಲ ಹೇಳುತ್ತಿದ್ದ ಮಹಾನುಭಾವರು ಒಂದು ತೊಟ್ಟೂ ಕುಡಿದವರಲ್ಲ. ಮಡಿಯಿಂದಲ್ಲ, ವರ್ತಕನ ಕಟ್ಟಪ್ಪಣೆ. ದುಭಾಷಿಗೆ ಸ್ವಂತ ರುಚಿ ಇರಬಾರದು, ಇದ್ದರೆ ತನ್ನ ಮಾತಿನಲ್ಲಿ ಅವನದೂ ಬೆರೆಯುತ್ತದೆ ಎಂದು ಆತನ ಸಿದ್ಧಾಂತ. ಮಾವುತನಿಗೆ ಆನೆ ಸ್ವಂತದ್ದಾಗಬೇಕಿಲ್ಲವಲ್ಲ ಎಂದು ಇವರೂ ಒಪ್ಪಿಕೊಂಡಿದ್ದರು. ಫ್ರೆಂಚರು ಊರು ಬಿಟ್ಟಾಗ ಅಂಗಡಿಯೂ ಮುಚ್ಚಿತು. ಹೊರಡುವ ದಿನ ವರ್ತಕ ಇವರ ಕೈಗೆ ಮೂರು ಬಾಟಲಿ ಕೊಟ್ಟ. ಒಂದೇ ತೋಟದವು: ಯುದ್ಧಕ್ಕೆ ಮುಂಚಿನದೊಂದು, ಯುದ್ಧ ಮುಗಿದ ವರ್ಷದ್ದೊಂದು, ಅದಾದ ಮೇಲಿನದೊಂದು. "ಈಗ ನೀನು ದುಭಾಷಿಯಲ್ಲ. ಇನ್ನೊಂದಷ್ಟು ವರ್ಷ ಮಾಗಲಿ, ಆಮೇಲೆ ಮೂರನ್ನೂ ಒಂದೇ ದಿನ ಕುಡಿದು ನೋಡು. ನಾನು ಹೇಳಿದ್ದೆಲ್ಲ ನಿಜವೋ ಸುಳ್ಳೋ ಗೊತ್ತಾಗುತ್ತೆ" ಎಂದನಂತೆ.

ಸೊರಬದ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಈ ಕತೆ ಎಲ್ಲರಿಗೂ ಬಾಯಿಪಾಠ.

"ದುಭಾಷಿಗಳೇ, ಈ ಕಾಫಿ ಯಾವ ವರ್ಷದ್ದು, ಸ್ವಲ್ಪ ನೋಡಿ ಹೇಳ್ರೀ" ಎಂದು ಗಲ್ಲಾಪೆಟ್ಟಿಗೆಯ ಮೇಲಿಂದ ಮಾಲೀಕ ಕೆಣಕುವನು.

ಅವರು ಒಂದು ಗುಟುಕು ಬಾಯಲ್ಲಿ ಆಡಿಸಿ, ಕಣ್ಣು ಮುಚ್ಚಿ, ನ್ಯಾಯಾಧೀಶರಂತೆ ತೀರ್ಪು ಕೊಡುವರು: "ಪುಡಿ ಮೊನ್ನೆಯದು. ಹಾಲು ನಿನ್ನೆಯದು. ನೀರೊಂದು ಮಾತ್ರ ಇವತ್ತಿಂದು. ಅದೇ ಜಾಸ್ತಿ ಇದೆ."

ಮೂರು ಬಾಟಲಿಗಳು ಮಾತ್ರ ಸೊರಬದಲ್ಲಿರಲಿಲ್ಲ. ಪಾನನಿರೋಧದ ಮಾತು ಜೋರಾಗಿದ್ದ ಕಾಲ. ಜೊತೆಗೆ ಬಾಡಿಗೆ ಮನೆ. ಶಿಕಾರಿಪುರದಲ್ಲಿ ಅವರ ಅಕ್ಕನ ಸ್ವಂತ ಮನೆಯಿತ್ತು, ಅಂಗಳದಲ್ಲಿ ಜೋಳ ತುಂಬಿಡುವ ಹಗೇವು ಇತ್ತು. ನೆಲದೊಳಗಿನ ಆ ಗುಂಡಿ ತಂಪು, ಕತ್ತಲೆ. ವೈನಿಗೆ ಬೇಕಾದ್ದೂ ಅಷ್ಟೇ. ಬಿಸಿ ತಾಗಿದರೆ ಮುಗಿಯಿತು, ಹುಳಿ. ಬಾಟಲಿಗಳನ್ನು ಹುಲ್ಲಿನಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿ ಮಲಗಿಸಿ, ತಾವೇ ಹಗೇವಿಗೆ ಇಳಿಸಿ ಬಂದಿದ್ದರು. ಮಡಿಹೆಂಗಸಾದ ಅಕ್ಕನಿಗೆ ಏನೆಂದು ಹೇಳುವುದು? "ಫ್ರಾನ್ಸಿನ ದ್ರಾಕ್ಷಾರಿಷ್ಟ ಕಣೇ. ವರ್ಷ ಹೋದ ಹಾಗೆ ಗುಣ ಹೆಚ್ಚುತ್ತೆ, ಥೇಟ್ ನಿನ್ನ ಉಪ್ಪಿನಕಾಯಿ ಹಾಗೆ" ಎಂದಿದ್ದರು. ಈ ಹೋಲಿಕೆಯನ್ನು ಹುಡುಕಿದ್ದಕ್ಕೆ ತಮ್ಮ ಬೆನ್ನನ್ನು ತಾವೇ ತಟ್ಟಿಕೊಳ್ಳುತ್ತಿದ್ದರು ಕೂಡ.

ಇನ್ನೂ ಕಾಯಬೇಕು ಎಂದು ಅವರ ಲೆಕ್ಕವಿತ್ತು. ಆದರೆ ಒಂದು ಬೇಸಗೆಯಲ್ಲಿ ನಾಲಿಗೆಯ ಅಂಚಿನಲ್ಲಿ ಹುಣ್ಣೆದ್ದಿತು. ಎಲೆ ಅಡಿಕೆ, ಹೊಗೆಸೊಪ್ಪು ಹಾಕಿಕೊಳ್ಳುತ್ತಿದ್ದವರು. ಸುಣ್ಣ ಸುಟ್ಟಿದೆ ಎಂದುಕೊಂಡರು. ಹಾಲು, ತುಪ್ಪ, ಜೇನುತುಪ್ಪ ಎಲ್ಲ ಸವರಿದ್ದಾಯಿತು. ಕೊನೆಗೆ ಶಿವಮೊಗ್ಗದ ಡಾಕ್ಟರರು ನೋಡಿ, ಮದರಾಸಿಗೆ ಹೋಗಿ ನಾಲಿಗೆ ತೆಗೆಸಿಕೊಳ್ಳದೆ ಬೇರೆ ದಾರಿಯಿಲ್ಲ ಎಂದರು.

ಆವತ್ತು ಸಂಜೆ ಹಲಗೆ ಗೋಡೆಯ ಆಚೆಯಿಂದ ಅವರ ಧ್ವನಿ ಬಂತು.

"ಭಾನುವಾರ ಬಿಡುವಿದೆಯೇನ್ರೀ? ಶಿಕಾರಿಪುರಕ್ಕೆ ಹೋಗಿ ಬರೋಣ. ಮಾಗಿದೆಯೋ ಇಲ್ಲವೋ, ಇನ್ನು ಕಾಯೋ ಹಾಗಿಲ್ಲ."

ಜೊತೆಗೆ ದನದ ಡಾಕ್ಟರನ್ನೂ ಕರೆದರು. ಓದುವಾಗ ಒಂದೆರಡು ಸಲ ಕುಡಿದಿದ್ದೆ ಎಂದು ಬಹಿರಂಗವಾಗಿ ಒಪ್ಪಿಕೊಂಡಿದ್ದ ಸೊರಬದ ಏಕೈಕ ಸರ್ಕಾರಿ ನೌಕರ ಅವರು. ಉಳಿದವರು ಒಪ್ಪಿಕೊಂಡಿರಲಿಲ್ಲ. ಬಸ್ಸಿನಲ್ಲಿ ದುಭಾಷಿಗಳು ಬಿರಡೆ ತೆಗೆಯುವ ತಿರುಪನ್ನು ಪಂಚೆಯ ತುದಿಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು, ವಧುಪರೀಕ್ಷೆಗೆ ಹೊರಟ ವರನ ತಂದೆಯಂತೆ ಗಂಭೀರವಾಗಿ ಕೂತಿದ್ದರು. ಮಾತಾಡಿದರೆ ನೋವು. ಆದರೂ ದಾರಿಯುದ್ದಕ್ಕೂ ಬಿಸಿ ಯಾಕೆ ತಾಗಬಾರದು, ಮೊದಲು ಯಾವುದು, ಆಮೇಲೆ ಯಾವುದು ಎಂದು ನಮಗೆ ಪಾಠ ಮಾಡಿದರು.

ಅಕ್ಕ ಬಾಗಿಲಲ್ಲೇ ತಮ್ಮನ ಗಲ್ಲ ಹಿಡಿದು ನೋಡಿದರು. ಕಣ್ಣೊರೆಸಿಕೊಂಡರು. ದುಭಾಷಿಗಳು ನೇರವಾಗಿ ಅಂಗಳದ ಹಗೇವಿನ ಕಡೆಗೆ ಹೊರಟರೆ ಅಕ್ಕ ತಡೆದರು.

"ಅಲ್ಲೆಲ್ಲಿಗೋ? ಅಲ್ಲೇನೈತಿ? ನೀ ಇಟ್ಟುಹೋದ ಮೊದಲನೇ ಮಳೆಗಾಲದಾಗೇ ಹಗೇವಿಗೆ ನೀರು ಬಂತು. ಜೋಳ ಎಲ್ಲಾ ಮುಗ್ಗು ಹಿಡೀತು. ಪುಣ್ಯಕ್ಕೆ ನಿನ್ನ ಔಷಧಿ ಒಂದನ್ನ ಉಳಿಸ್ಕೊಂಡೆ ನೋಡು."

"ಈಗೆಲ್ಲಿದೆ?"

"ನನ್ನ ಮಿಡಿ ಭರಣಿ ಪಕ್ಕದಾಗೇ. ಒಲಿ ಮ್ಯಾಲಿನ ಅಟ್ಟದಾಗ. ಹಗಲೂ ರಾತ್ರಿ ಬೆಚ್ಚಗೆ ಹೊಗೆ ಆಡ್ತೈತಿ, ಒಂದು ಇರುವೆ ಸುಳಿಯಂಗಿಲ್ಲ. ನೀನೇ ಹೇಳಿದ್ದೆಲ್ಲೋ, ಉಪ್ಪಿನಕಾಯಿ ಹಂಗೇ ಅಂತ?"

ಆ ಮನೆಯಲ್ಲಿ ಅದಕ್ಕಿಂತ ಗೌರವದ ಜಾಗ ಇರಲಿಲ್ಲ. ಬೀಜದ ಸೌತೆ, ಹಳೆ ಬೆಲ್ಲ, ಮದುವೆಗೆಂದು ತೆಗೆದಿಟ್ಟ ಹುಣಿಸೆ, ಕೆಡಬಾರದ್ದೆಲ್ಲ ಇರುವುದು ಅಲ್ಲಿಯೇ. ನಾನು ದುಭಾಷಿಗಳ ಮುಖ ನೋಡಿದೆ. ಬಿಸಿಯ ಪಾಠವನ್ನು ಆಗ ತಾನೇ ಬಸ್ಸಿನಲ್ಲಿ ಮಾಡಿ ಬಂದಿದ್ದ ಮುಖ. "ಒಳ್ಳೇದಾಯ್ತು ಬಿಡೇ ಅಕ್ಕ" ಎಂದರು.

ಹಿತ್ತಲ ಜಗಲಿಯಲ್ಲಿ ಚಾಪೆ ಹಾಸಿದೆವು. ತಮ್ಮ ಮದರಾಸಿಗೆ ಹೋಗುವ ಮುಂಚೆ ಔಷಧಿ ಕುಡಿಯುತ್ತಾನೆಂದು ಅಕ್ಕ ಬೆಳ್ಳಿಯ ಲೋಟಗಳನ್ನೇ ತೆಗೆದುಕೊಟ್ಟು, ಸ್ತೋತ್ರ ಹೇಳಿಕೊಳ್ಳುತ್ತ ಒಳಗೆ ಹೋದರು. ಬಾಟಲಿಗಳ ಮೇಲೆ ಬೆರಳು ಹೂತುಹೋಗುವಷ್ಟು ಮಸಿ. ದುಭಾಷಿಗಳು ಅದನ್ನು ಒದ್ದೆ ಬಟ್ಟೆಯಿಂದ ಒರೆಸಿ, ವರ್ಷಗಳನ್ನು ಓದಿ, ಎಳೆಯದರಿಂದ ಹಳೆಯದಕ್ಕೆ ಸಾಲಾಗಿ ಇಟ್ಟರು. ಮೊದಲಿನ ಎರಡರ ಬಿರಡೆಗಳು ಇಡಿಯಾಗಿ ಬಂದವು. ಯುದ್ಧಕ್ಕೆ ಮುಂಚಿನದರದ್ದು ಪುಡಿಪುಡಿಯಾಯಿತು. ಆ ವೈನನ್ನು ಹಳೇ ಪಂಚೆಯ ಅಂಚಿನಲ್ಲಿ ಸೋಸಬೇಕಾಯಿತು.

ಬಣ್ಣ ಮೂರರದ್ದೂ ಕಷಾಯದ್ದು. ವಾಸನೆ... ಹೋದ ವಾರ ನನ್ನ ಹೆಂಡತಿ ಭರಣಿ ಬಿಚ್ಚಿದಾಗ ಬಂತಲ್ಲ, ಅದೇ. ಆದರೆ ಉಪ್ಪಿಲ್ಲ, ಖಾರವಿಲ್ಲ, ಮಾವಿಲ್ಲ. ಹುಳಿ ಮತ್ತು ಹೊಗೆ, ಅಷ್ಟೇ.

ಅವರು ಮೊದಲನೆಯದನ್ನು ಬಾಯಲ್ಲಿ ಹಿಡಿದರು. ಹುಣ್ಣಿಗೆ ಹುಳಿ ತಾಗಿ ಕಣ್ಣಲ್ಲಿ ನೀರು ತುಂಬಿತು, ಆದರೂ ಉಗಿಯಲಿಲ್ಲ. ಆಡಿಸಿದರು. ಕಣ್ಣು ಮುಚ್ಚಿದರು. ನೀರು ಮುಕ್ಕಳಿಸಿ ಎರಡನೆಯದು. ಮತ್ತೆ ಮೂರನೆಯದು. ಅಷ್ಟು ವರ್ಷ ಬೇರೆಯವರ ಮುಖ ನೋಡಿ ಕಲಿತ ಒಂದು ಚರ್ಯೆಯನ್ನೂ ಬಿಡಲಿಲ್ಲ. ನಾವೂ ಒಂದೊಂದು ಗುಟುಕು ಕುಡಿದೆವು. ದನದ ಡಾಕ್ಟರು ಲೋಟವನ್ನು ದೂರ ಸರಿಸಿದರು.

"ನಿಮಗೆ ವ್ಯತ್ಯಾಸ ಗೊತ್ತಾಯ್ತೇನ್ರೀ?" ಎಂದು ದುಭಾಷಿಗಳು ನನ್ನನ್ನು ಕೇಳಿದರು.

"ಇಲ್ಲ" ಎಂದೆ.

"ನನಗೂ ಇಲ್ಲ." ಲೋಟ ಕೆಳಗಿಟ್ಟು ಡಾಕ್ಟರ ಕಡೆ ತಿರುಗಿದರು. "ನೀವು ಕುಡಿದು ಬಲ್ಲವರು. ಸರಿಯಾಗಿ ಹೇಳಿ. ಹೋಗಿರೋದು ವೈನೋ, ನನ್ನ ನಾಲಿಗೆಯೋ?"

"ವೈನೇ ಹೋಗಿದೆ ಸ್ವಾಮಿ. ಪೂರಾ ಹುಳಿ. ಹೊಟ್ಟೆ ಉಬ್ಬರಿಸಿದ ಹಸುವಿಗೆ ಕುಡಿಸಬಹುದು, ಅದೂ ಹಸು ಒಪ್ಪಿದರೆ."

ಅವರ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. "ಹಾಗಾದ್ರೆ ನಾಲಿಗೆ ಇನ್ನೂ ಇದೆ" ಎಂದರು. ಹದಿನೈದು ದಿನದಲ್ಲಿ ಅದನ್ನು ತೆಗೆಯುವವರಿದ್ದರು ಎಂಬುದು ಆ ಕ್ಷಣಕ್ಕೆ ಮರೆತುಹೋಗಿತ್ತು.

ಒಳಗಿನಿಂದ ಅಕ್ಕನ ಧ್ವನಿ: "ಹೆಂಗೈತೋ? ಕೆಟ್ಟಿಲ್ಲ ಹೌದಿಲ್ಲೋ?"

ದುಭಾಷಿಗಳು ನೆಟ್ಟಗೆ ಕೂತರು. ಆಮೇಲೆ ಬಾಗಿಲ ಕಡೆ ಮುಖ ಮಾಡಿ, ನೋವನ್ನು ನುಂಗುತ್ತ, ನಿಧಾನವಾಗಿ ಒಂದೊಂದನ್ನೇ ವರ್ಣಿಸಿದರು. ಮೊದಲನೆಯದರಲ್ಲಿ ನೇರಳೆ ಮುಂದೆ, ಒಗರು ಹಿಂದೆ. ಎರಡನೆಯದು ಹಳೆಯ ತೊಗಲಿನ ಚೀಲ, ಅದರೊಳಗೆ ಎಲ್ಲೋ ಒಂದು ಲವಂಗ. ಮೂರನೆಯದು ಮಳೆ ನಿಂತ ಮರುದಿನದ ಕಾಡು... ನಡುಗದ ಧ್ವನಿ. ವರ್ತಕ ಕೂಡ ಅಷ್ಟು ಚೆನ್ನಾಗಿ ಹೇಳಿರಲಾರ. ಅಕ್ಕ ಬಾಗಿಲಿಗೆ ಬಂದು ನಿಂತು ಕೇಳಿಸಿಕೊಂಡರು. "ನೋಡಿದ್ಯಾ? ನನ್ನ ಅಟ್ಟದಾಗ ಇಟ್ಟದ್ದು ಕೆಟ್ಟಿದ್ದೇ ಇಲ್ಲ" ಎಂದರು.

ಊಟಕ್ಕೆ ಕೂತಾಗ ಅದೇ ಅಟ್ಟದ ಭರಣಿಗಳಿಂದ ಉಪ್ಪಿನಕಾಯಿ ಬಡಿಸಿದರು. ಈ ವರ್ಷದ್ದು, ಹೋದ ವರ್ಷದ್ದು, ತಮ್ಮ ಯಜಮಾನರು ಬದುಕಿದ್ದಾಗ ಹಾಕಿದ್ದು. ದುಭಾಷಿಗಳಿಗೆ ಬರೀ ಹಾಲನ್ನ. ಅವರು ನನ್ನ ಎಲೆಯನ್ನೇ ನೋಡುತ್ತಿದ್ದರು.

"ಮೂರನ್ನೂ ನೋಡಿ ಹೇಳ್ರೀ, ಹೇಗಿದೆ?"

"ಚೆನ್ನಾಗಿದೆ" ಎಂದೆ.

"ಅದು ರುಚಿಯಲ್ಲರೀ, ಅಭಿಪ್ರಾಯ. ರುಚಿ ಹೇಳಿ."

ನಾನು ಮತ್ತೊಂದು ಮಿಡಿ ಕಚ್ಚಿದೆ. ಯೋಚಿಸಿದೆ. ಖಾತೆ ಬದಲಾವಣೆಯ ಟಿಪ್ಪಣಿ ಬರೆಯಲು ಬರುವವನಿಗೆ ಒಂದು ಮಾತೂ ಹೊಳೆಯಲಿಲ್ಲ. "ಹಳೇದು ಸ್ವಲ್ಪ ಮೆತ್ತಗಿದೆ" ಎಂದೆ. ಅವರು ಇನ್ನೂ ಏನೋ ಬರುತ್ತದೆಂದು ಕಾದರು. ಬರಲಿಲ್ಲ. ತಲೆ ತಗ್ಗಿಸಿ ಹಾಲನ್ನ ಕಲಸಿಕೊಂಡರು.

ಮದರಾಸಿನಿಂದ ಬಂದ ಮೇಲೆ ಅವರು ಹೋಟೆಲಿಗೆ ಬರುತ್ತಿದ್ದರು, ಒಂದು ಮೂಲೆಯಲ್ಲಿ ಕೂರುತ್ತಿದ್ದರು. ಮಾಲೀಕ ಕೆಣಕುವುದನ್ನು ಬಿಟ್ಟಿದ್ದ. ಆರಿದ ಕಾಫಿಯನ್ನು ಚಮಚೆಯಲ್ಲಿ ಗಂಟಲಿಗೆ ಸುರಿದುಕೊಂಡು, ಗಲ್ಲಾಪೆಟ್ಟಿಗೆಯ ಕಡೆ ನೋಡಿ, ನೀರು ಜಾಸ್ತಿ ಎಂಬಂತೆ ಕೈಯಾಡಿಸುವರು. ಯಾರೂ ನಗುತ್ತಿರಲಿಲ್ಲ. ಹಲಗೆ ಗೋಡೆಯ ಈಚೆ ನಾನು ಕೆಮ್ಮಿದರೆ ಆಚೆಯಿಂದ ಒಮ್ಮೆ ಬೆರಳಿನಿಂದ ತಟ್ಟುತ್ತಿದ್ದರು. ಶುಂಠಿ ಎಂದು ಅರ್ಥಮಾಡಿಕೊಳ್ಳುತ್ತಿದ್ದೆ... ಶಿಕಾರಿಪುರದ ಅಕ್ಕ ಖಾಲಿ ಬಾಟಲಿಗಳನ್ನು ತೊಳೆದು ಹರಳೆಣ್ಣೆ ತುಂಬಿಟ್ಟಿದ್ದರು. ಅದನ್ನೂ ಅಟ್ಟದ ಮೇಲೇ ಇಟ್ಟಿದ್ದರು.

ಈಗ ಆ ಅಕ್ಕನೂ ಇಲ್ಲ, ದನದ ಡಾಕ್ಟರೂ ಇಲ್ಲ. ಮೂರು ಬಾಟಲಿಯ ರುಚಿ ಬಲ್ಲ ನಾಲಿಗೆ ಎಂದು ಉಳಿದಿರುವುದು ಇದೊಂದೇ, ಯಾವುದಕ್ಕೂ ಬಾರದ್ದು.

ಹೋದ ವಾರ ಹೆಂಡತಿ ಒಂದು ಮಿಡಿಯನ್ನು ತಟ್ಟೆಗೆ ಹಾಕಿ, "ಹೇಗಿದೆ ನೋಡಿ ಹೇಳಿ" ಎಂದಳು. ಬಾಯಲ್ಲಿಟ್ಟು ಆಡಿಸಿದೆ. ಕಣ್ಣು ಮುಚ್ಚಿದೆ. ಅವಳು ಕಾಯುತ್ತಿದ್ದಳು.

"ಚೆನ್ನಾಗಿದೆ" ಎಂದೆ.

ನಾಲಿಗೆ ತೆಗೆದ ಮೇಲೂ ದುಭಾಷಿಗಳ ಹುಣ್ಣು ಗಂಟಲಿಗೆ ಇಳಿದಿತ್ತು. ಮರುವರ್ಷದ ಮಳೆಗಾಲಕ್ಕೆ ಮುಂಚೆ ಅವರು ಸೊರಬದಲ್ಲಿ ತೀರಿಕೊಂಡರು.