ಮದ್ದಿನ ಮನೆಯ ಖಾಲಿ ಪುಟ

೧೯೭೪ರಲ್ಲಿ ನಾನು ಶಹಾಬಾದ-ವಾಡಿ ನಡುವಿನ ಒಂದು ಸುಣ್ಣದ ಕಲ್ಲಿನ ಗಣಿಯಲ್ಲಿ ಫೋರ್‌ಮನ್ ಆಗಿದ್ದೆ. ಪೂರ್ವದ ಗಣಿ ನನ್ನದು, ಪಶ್ಚಿಮದ್ದು ಮಹಿಬೂಬ ಸಾಹೇಬರದು.

ಬಂಡೆಗೆ ತೂತು ಕೊರೆದು ಮದ್ದು ತುಂಬಿ ಸಿಡಿಸುವಾಗ ಕೆಲವು ತೂತುಗಳು ಸಿಡಿಯದೆ ಉಳಿಯುತ್ತವೆ. ಇದನ್ನು ಮಿಸ್‌ಫೈರ್ ಎನ್ನುತ್ತೇವೆ. ಅದರ ಜಾಗ ತಿಳಿಯದೆ ಮತ್ತೆ ಕೊರೆದರೆ ಕೊರೆಯುವವನು ಉಳಿಯುವುದಿಲ್ಲ. ಆದ್ದರಿಂದ ಅದನ್ನು ಗಣಿಯಲ್ಲಿ, ಪಾಳಿ ಕಚೇರಿಯಲ್ಲಿ, ಮದ್ದಿನ ಮನೆಯಲ್ಲಿ, ಹೀಗೆ ಮೂರು ಪುಸ್ತಕಗಳಲ್ಲಿ ಬರೆಯಬೇಕೆಂಬ ನಿಯಮವಿತ್ತು. ಮೂರನ್ನೂ ಬರೆಯದೆ ನಾನು ಮುಂದಿನ ಪಾಳಿಯನ್ನು ಗಣಿಗೆ ಇಳಿಸುತ್ತಿರಲಿಲ್ಲ. ಅದಕ್ಕೆ ಮುಕ್ಕಾಲು ತಾಸು ಹಿಡಿಯುತ್ತಿತ್ತು. ಸಾಹೇಬರು ಗಣಿಯ ಪುಸ್ತಕವೊಂದನ್ನೇ ಬರೆದು ಮುಂದಿನ ಪಾಳಿಯನ್ನು ಇಳಿಸುತ್ತಿದ್ದರು. ಉಳಿದೆರಡಕ್ಕೆ ನಕಲು ಆಮೇಲೆ.

ಅವರ ಲಾರಿಗಳು ನನ್ನವಕ್ಕಿಂತ ಮೊದಲು ಹೊರಡುತ್ತಿದ್ದವು. ಮ್ಯಾನೇಜರ್ ದಿನಾ ಹೇಳುತ್ತಿದ್ದರು: "ಮಹಿಬೂಬ ಸಾಹೇಬ್ರನ್ನ ನೋಡಿ ಕಲೀರಿ." ಕೂಲಿಯವರೂ ಚೇಷ್ಟೆ ಮಾಡುತ್ತಿದ್ದರು: "ನಮ್ಮ ಫೋರ್‌ಮನ್ನರು ಬರೆಯೋದ್ರಾಗ ಅವರ ಲಾರಿ ವಾಡಿ ಮುಟ್ಟತದ್ರಿ!" ನನಗೆ ಊಟ ರುಚಿಸುತ್ತಿರಲಿಲ್ಲ. ಅವರ ಇಸ್ತ್ರಿ ಅಂಗಿ ಕಂಡರೂ ಮೈ ಉರಿಯುತ್ತಿತ್ತು.

ಒಂದು ಮಂಗಳವಾರ ಸಂಜೆ ಮದ್ದಿನ ಮನೆಯಲ್ಲಿ ನನ್ನ ಪುಟ ಬರೆಯುವಾಗ ಪಕ್ಕದ ಅವರ ಪುಟ ಖಾಲಿ ಕಂಡಿತು. ಅಂದು ಅವರ ಗಣಿಯಲ್ಲಿ ನಲವತ್ತು ತೂತು ಸಿಡಿಸಿದ್ದರು; ಒಂದೂ ಉಳಿಯದಿದ್ದರೂ ಹಾಗೆಂದು ಬರೆಯಬೇಕಿತ್ತು. ಮದ್ದಿನ ಮನೆಯ ಶರಣಪ್ಪ ಕೇಳಿದ: "ಸಾಹೇಬ್ರಿಗಿ ಹೇಳಿ ಕಳಸ್ಲೇನ್ರಿ?"

"ಬ್ಯಾಡ. ಅವರದು ಅವರು ನೋಡ್ಕೋತಾರ" ಎಂದೆ. ಅವರು ಒಮ್ಮೆ ಸಿಕ್ಕಿಬೀಳಲಿ ಎಂದೇ ನನ್ನ ಆಸೆ.

ಬುಧವಾರ ರಜೆ. ದಿನವಿಡೀ ಮಳೆ. ಗುರುವಾರ ಬೆಳಿಗ್ಗೆ ಪಶ್ಚಿಮ ಗಣಿಯ ತಗಡಿನ ಪೆಟ್ಟಿಗೆಗೆ ನೀರು ನುಗ್ಗಿ ಪುಸ್ತಕ ಮುದ್ದೆಯಾಗಿತ್ತು, ಮಸಿಯೆಲ್ಲ ಹರಿದುಹೋಗಿತ್ತು. ಉಳಿದೆರಡಕ್ಕೆ ನಕಲು ಇನ್ನೂ ಆಗಿರಲಿಲ್ಲ. ಆ ಹೊತ್ತಿಗೆ ಡ್ರಿಲ್ ಶುರುವಾಗಿತ್ತು. ಗದ್ದಲ ಕೇಳಿ ನಾನು ಓಡಿದೆ. ಸಾಹೇಬರು ಡ್ರಿಲ್‌ಗಳ ಮುಂದೆ ಕೈ ಚಾಚಿ ನಿಂತಿದ್ದರು.

"ನಿಂದರ್ಸ್ರೋ! ಮೂವತ್ತೆಂಟೇ ಸಪ್ಪಳ ಆಗ್ಯಾವ. ಎರಡು ಒಳಗೇ ಅವ. ಎಲ್ಲಿ ಅವ ನನಗ ನೆನಪಿಲ್ಲ."

"ನಿಮಗೇ ನೆನಪಿಲ್ಲಂದ್ರ ನಮ್ಮ ಗತಿ ಏನ್ರಿ?" ಎಂದ ಡ್ರಿಲ್ಲಿನ ಹಣಮಂತ.

ಎರಡು ದಿನ ಗಣಿ ಮುಚ್ಚಿ ಕೈಯಿಂದ ಮಣ್ಣು ತೆಗೆದು ಹುಡುಕಿದೆವು. ಎರಡನೆಯದು ಹಣಮಂತ ಡ್ರಿಲ್ ಊರಿದ್ದ ಜಾಗದಿಂದ ಒಂದು ಗೇಣು ದೂರದಲ್ಲಿತ್ತು.

ಮ್ಯಾನೇಜರ್ ಎಲ್ಲರನ್ನೂ ಕರೆದರು. ಸಾಹೇಬರೇ ಮೊದಲು ಎದ್ದರು. "ತಪ್ಪು ನಂದ್ರಿ. ಆದ್ರ ಮೂರೂ ಬರೀಲಿಕ್ಕ ನಿಂತ್ರ ಕೆಲಸ ನಿಂದರ್ತದ. ಒಂದೇ ಬರದ್ರ ಮಂದಿ ಸಾಯ್ತಾರ. ಎರಡು ಕಡಿ ಬರದು ಪಾಳಿ ಇಳಸೋಣು. ಮೂರನೇದು ಸಂಜಿಗಿ. ಒಂದು ಹಾಳಾದ್ರೂ ಒಂದು ಉಳೀತದ." ಎರಡೂ ಗಣಿಗಳಿಗೆ ಅದೇ ನಿಯಮವಾಯಿತು. ನನ್ನ ಲಾರಿಗಳೂ ಬೇಗ ಹೊರಟವು. ಆಗಲೂ ಅಸೂಯೆಪಟ್ಟೆ: ಅಷ್ಟು ವರ್ಷ ಬರೆದ ನನಗೆ ಅದು ಹೊಳೆದಿರಲಿಲ್ಲ.

ಸಭೆಯಲ್ಲಿ ಶರಣಪ್ಪ ನನ್ನ ಮುಖವನ್ನೇ ನೋಡುತ್ತಿದ್ದ. ಆ ಖಾಲಿ ಪುಟ ಮೊದಲೇ ಕಂಡಿದ್ದೆನೆಂದು ನಾನು ಹೇಳಲಿಲ್ಲ. ಬೇರೆಯವರ ಪುಸ್ತಕದಲ್ಲಿ ಖಾಲಿ ಪುಟ ಕಂಡವನಿಗೂ ಅದರ ಹೊಣೆ ಇರುತ್ತದೆ ಎಂದು ಆ ಕೆಲಸ ನನಗೆ ಕಲಿಸಿತು. ಇದೇನೂ ತಿಳಿಯದ ಹಣಮಂತ ನಿವೃತ್ತನಾಗುವವರೆಗೂ ದಿನಾ ನನಗೆ ನಮಸ್ಕಾರ ಮಾಡುತ್ತಿದ್ದ.