ಕರೆಂಟಿನ ಹದ

ಮೊನ್ನೆ ಪರದೆಯ ಸರಳು ಹಾಕಲು ಬಂದವನು ಗೋಡೆ ಕೊರೆಯುತ್ತಿದ್ದಾಗ ಮನೆಯೆಲ್ಲ ಒಂದು ವಾಸನೆ ಹಬ್ಬಿತು. ಬಿಸಿಯಾದ ಮೋಟಾರು, ಸುಟ್ಟ ಧೂಳು, ಜೊತೆಗೆ ಕಾದ ಕಬ್ಬಿಣದ ಒಗರು. ಚಹಾದ ಲೋಟ ಹಿಡಿದು ಹಾಗೇ ನಿಂತುಬಿಟ್ಟೆ. ಸವಣೂರಿನ ನಮ್ಮ ಓಣಿಯ ತುದಿಗಿದ್ದ ಆ ತಗಡಿನ ಅಂಗಡಿ, ಅದರೊಳಗೆ ಕಾಲು ಮಡಚಿ ಕೂತ ವೈಂಡಿಂಗ್ ಚಾಚಾ...

ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುತ್ತಿದ್ದರಿಂದ ಅವರಿಗೆ ಆ ಹೆಸರು. ಮದುವೆಗಳಿಗೆ ಲೈಟು ಕಟ್ಟುವವರೂ ಅವರೇ. ಅವರ ಹತ್ತಿರ ಒಂದು ಕರೆಂಟಿನ ಡ್ರಿಲ್ ಮಷಿನ್ ಇತ್ತು. ಈಗಿನವುಗಳಂತೆ ವೇಗ ಹೆಚ್ಚುಕಡಿಮೆ ಮಾಡುವ ಸೌಲಭ್ಯ ಅದಕ್ಕಿರಲಿಲ್ಲ. ಗುಂಡಿ ಒತ್ತಿದರೆ ಓಟ, ಬಿಟ್ಟರೆ ನಿಲುಗಡೆ, ಅಷ್ಟೇ. ಕನ್ನಡಿಗೋ ಪಿಂಗಾಣಿಗೋ ತೂತು ಹಾಕಲು ನಿಧಾನ ಬೇಕಲ್ಲ, ಆ ನಿಧಾನವನ್ನು ಚಾಚಾ ನಮ್ಮೂರಿನ ದರಿದ್ರ ವೋಲ್ಟೇಜಿನಿಂದಲೇ ಪಡೆಯುತ್ತಿದ್ದರು! ಹುಲಗೂರು ಕಡೆಯ ಹೊಲಗಳಲ್ಲಿ ಪಂಪ್‌ಸೆಟ್ಟುಗಳು ಶುರುವಾದವೆಂದರೆ ನಮ್ಮ ಮನೆಯ ಫ್ಯಾನು ಒಲ್ಲದ ಮನಸ್ಸಿನಿಂದ ತಿರುಗುತ್ತಿತ್ತು. ಊರೆಲ್ಲ ಕರೆಂಟಿನವರನ್ನು ಬೈಯುತ್ತಿದ್ದ ಆ ಹೊತ್ತಿಗೇ ಚಾಚಾ ಗೋಡೆಗೆ ಒರಗಿಸಿಟ್ಟ ಕನ್ನಡಿಯನ್ನು ಕೆಳಗೆ ಮಲಗಿಸಿ, "ಈಗ ನೋಡ್ರಿ, ಕರೆಂಟ್ ಹದಕ್ಕ ಬಂತು" ಎನ್ನುತ್ತಿದ್ದರು. ಈ ಮನುಷ್ಯನಿಗೆ ತಲೆ ನೆಟ್ಟಗಿಲ್ಲ ಎಂದೇ ನಾನು ಬಹಳ ದಿನ ತಿಳಿದಿದ್ದೆ.

ಎಂಬತ್ತರ ದಶಕದ ಮೊದಮೊದಲಿಗೆ ನಮ್ಮ ಭಾಗಕ್ಕೆ ಹೊಸ ಟ್ರಾನ್ಸ್‌ಫಾರ್ಮರ್ ಬಂತು. ಬಲ್ಬುಗಳು ಬೆಳ್ಳಗೆ ಉರಿದವು, ಜನ ಪೇಢೆ ಹಂಚಿದರು. ಚಾಚಾ ಒಬ್ಬರೇ ಮುಖ ಗಂಟಿಕ್ಕಿಕೊಂಡು, "ಕರೆಂಟಿಗೆ ಸೊಕ್ಕ ಬಂದೈತಿ" ಅಂದರು.

ಅದಾದ ಸ್ವಲ್ಪ ದಿನಕ್ಕೇ ನನ್ನ ಅಕ್ಕನ ಕ್ಯಾಲಿಪರ್ ಮುರಿಯಿತು. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಅವಳ ಎಡಗಾಲು ಸೊರಗಿತ್ತು. ತೊಡೆಯಿಂದ ಬೂಟಿನವರೆಗಿನ ಆ ಉಕ್ಕಿನ ಪಟ್ಟಿಗಳಿಲ್ಲದೆ ಅವಳು ನಿಲ್ಲುವಂತಿರಲಿಲ್ಲ. ಅಕ್ಕಿಆಲೂರಿನ ಶಾಲೆಯಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಸೋಮವಾರ ಹಾಜರಾಗದಿದ್ದರೆ ಆ ಜಾಗ ಇನ್ನೊಬ್ಬರ ಪಾಲು. ಶನಿವಾರ ಕಟ್ಟೆ ಇಳಿಯುವಾಗ ಮೊಣಕಾಲಿನ ಹತ್ತಿರ ಪಟ್ಟಿ ಎರಡು ತುಂಡಾಯಿತು. ಹುಬ್ಬಳ್ಳಿಗೆ ಕಳಿಸಿದರೆ ತಿಂಗಳ ಮಾತು. "ಹಣೇಬಾರ, ಬಿಡವಾ" ಎಂದು ಅಪ್ಪ ಕೈಚೆಲ್ಲಿದರು. ಅಕ್ಕ ಬಿಡಲಿಲ್ಲ. ಆಗಿನ್ನೂ ಕಾಲೇಜು ಓದುತ್ತಿದ್ದ ನನ್ನ ಹೆಗಲಿಗೆ ಭಾರ ಹಾಕಿ, ಕುಂಟುತ್ತ ಚಾಚಾನ ಅಂಗಡಿಯ ಬೆಂಚಿನ ಮೇಲೆ ಬಂದು ಕೂತಳು.

ಚಾಚಾ ತುಂಡುಗಳನ್ನು ತಿರುವಿ ನೋಡಿದರು. ಕಾಯಿಸಿ ಬೆಸೆದರೆ ಉಕ್ಕು ಮೆತ್ತಗಾಗಿ ಅವಳ ಭಾರ ತಡೆಯದು. ಮೇಲೊಂದು ಪಟ್ಟಿ ಇಟ್ಟು ಬೋಲ್ಟು ಬಿಗಿಯಬೇಕು, ಅದಕ್ಕೆ ತೂತುಗಳು ಬೇಕು. ಡ್ರಿಲ್ ಹಚ್ಚಿದರು. ಅದು ಚೀರಿತು, ಹೊಗೆ ಎದ್ದಿತು, ಕೊರೆಯುವ ಬಿಟ್ಟಿನ ಮೂತಿ ಸುಟ್ಟು ನೀಲಿಯಾಯಿತು. ಉಕ್ಕಿನ ಮೇಲೆ ಮೂಡಿದ್ದು ಬರೀ ಒಂದು ಹೊಳೆಯುವ ಚುಕ್ಕೆ.

"ಹಿಂಗ ಓಡಿದ್ರ ಉಕ್ಕು ಕಡಿಯಂಗಿಲ್ಲ ತಂಗೀ, ಬಿಟ್ ಸುಡತೈತಿ ಅಷ್ಟ. ಸಾವಕಾಶ ತಿರುಗಬೇಕು."

ಇನ್ನು ಉಳಿದದ್ದು ಒಂದೇ ಬಿಟ್. ಹೊಲದಲ್ಲಿ ಎಷ್ಟು ಪಂಪು ಓಡಿದರೂ ಈಗ ವೋಲ್ಟೇಜು ಇಳಿಯುವುದಿಲ್ಲ. ಅಕ್ಕ ಸೆರಗು ಬಾಯಿಗಿಟ್ಟುಕೊಂಡು ಅಳು ತಡೆದಳು. ಚಾಚಾ ಗಡ್ಡ ನೀವುತ್ತ ಎದ್ದು, ಮದುವೆ ಚಪ್ಪರಕ್ಕೆ ಕಟ್ಟುವ ಹಲಗೆಯೊಂದನ್ನು ಅಟ್ಟದಿಂದ ಎಳೆದರು. ಸಾಲಾಗಿ ಹೋಲ್ಡರುಗಳು, ಬಲ್ಬುಗಳಿಲ್ಲ. ಅವೆಲ್ಲ ಹಾನಗಲ್ಲಿನ ಮದುವೆಗೆ ಹೋಗಿದ್ದವು.

"ಓಣ್ಯಾಗ ಮನಿಗೊಂದು ಬಲ್ಬ್ ಇಸ್ಕೊಂಡು ಬಾರವಾ. ದೊಡ್ಡವು ಇದ್ರ ಚಲೋ" ಎಂದು ನನ್ನನ್ನು ಓಡಿಸಿದರು.

ಯಾಕೆಂದು ಕೇಳಿದವರಿಗೆ ಹೇಳಲು ನನಗೇ ಗೊತ್ತಿರಲಿಲ್ಲ. ಆದರೂ ಎಲ್ಲರೂ ಕೊಟ್ಟರು. ನಮ್ಮವ್ವ ದೇವರಮನೆಯ ಬಲ್ಬನ್ನೇ ಬಿಚ್ಚಿಕೊಟ್ಟಳು. ಎದುರುಮನೆಯ ಖಾಲಾ ತಮ್ಮದನ್ನು ಸೆರಗಿನಲ್ಲಿ ಸುತ್ತಿ, ಮೊಟ್ಟೆ ತಂದಂತೆ ಹುಷಾರಾಗಿ ತಂದರು. ಕೊಟ್ಟವರೆಲ್ಲ ನೋಡಲೂ ಬಂದು ನಿಂತರು.

ಬಲ್ಬುಗಳನ್ನು ದಾಟಿಯೇ ಕರೆಂಟು ಡ್ರಿಲ್ಲಿಗೆ ಹೋಗುವಂತೆ ಚಾಚಾ ತಂತಿ ಕಟ್ಟಿದರು. ಒಂದು ಬಲ್ಬು ಹಾಕಿದರು, ಡ್ರಿಲ್ ಗುಂಯ್ ಎಂದು ಗೊಣಗಿತೇ ಹೊರತು ಅಲುಗಲಿಲ್ಲ. ಇನ್ನೊಂದು ಹಾಕಿದರು, ಮತ್ತೊಂದು ಹಾಕಿದರು. ಬಲ್ಬು ಕೂಡಿದಷ್ಟೂ ಕರೆಂಟಿಗೆ ದಾರಿ ಹೆಚ್ಚಿ ಡ್ರಿಲ್ಲಿಗೆ ಜೀವ ಬರುತ್ತ ಹೋಯಿತು. ಬೇಕಾದಷ್ಟು ಬಂತೆನಿಸಿದಾಗ ಕೈ ನಿಲ್ಲಿಸಿ, ಉಕ್ಕಿನ ಮೇಲೆ ಎಣ್ಣೆ ಬಿಟ್ಟು, ಬಿಸ್ಮಿಲ್ಲಾ ಎಂದು ತಿರುಗುತ್ತಿದ್ದ ಡ್ರಿಲ್ಲನ್ನು ಅದರ ಮೇಲೆ ಒತ್ತಿದರು.

ಹಲಗೆಯ ಬಲ್ಬುಗಳೆಲ್ಲ ಒಮ್ಮೆಲೇ ಝಗ್ಗನೆ ಬೆಳಗಿದವು! ಯಾರೂ ಯಾವ ಸ್ವಿಚ್ಚನ್ನೂ ಮುಟ್ಟಿರಲಿಲ್ಲ. ಚಾಚಾನ ಕಣ್ಣು ಡ್ರಿಲ್ಲಿನ ಮೇಲಿರದೆ ಬಲ್ಬುಗಳ ಮೇಲಿತ್ತು. ಬೆಳಕು ತೀರ ಏರಿದರೆ ಡ್ರಿಲ್ ತಿಣುಕುತ್ತಿದೆಯೆಂದು ಕೈ ಹಗುರ ಮಾಡುವರು, ಮಂಕಾದರೆ ಮತ್ತೆ ಒತ್ತುವರು. ತೂತಿನಿಂದ ಉಕ್ಕಿನ ಸುರುಳಿ ತುಂಡಾಗದೆ, ಹೊಳೆಯುತ್ತ ಮೇಲೆದ್ದು ಬಂತು. ಮಂಗಳಾರತಿಯ ಹೊತ್ತಿನಲ್ಲೂ ನನಗೆ ಹಾಗೆ ಮೈ ಜುಮ್ಮೆಂದದ್ದಿಲ್ಲ. ನಮ್ಮ ದೇವರಮನೆಯ ಬಲ್ಬು, ಖಾಲಾನ ಅಡುಗೆಮನೆಯ ಬಲ್ಬು, ಎಲ್ಲವೂ ಸೇರಿ ನನ್ನ ಅಕ್ಕನ ಕಾಲಿಗಾಗಿ ಉರಿಯುತ್ತಿದ್ದವು. ಬೋಲ್ಟು ಬಿಗಿದು ಅಕ್ಕ ಎದ್ದು ನಿಂತಾಗ ಓಣಿಯವರೆಲ್ಲ ಉಸಿರು ಬಿಟ್ಟರು.

ಸೋಮವಾರ ಅವಳು ಅಕ್ಕಿಆಲೂರಿನ ಬಸ್ಸು ಹತ್ತಿದಳು. ಅವತ್ತಿನಿಂದ ಚಾಚಾನ ಬಾಯಲ್ಲಿ ಅವಳು "ತಂಗಿ" ಹೋಗಿ "ಅಕ್ಕೋರು" ಆದಳು. ನಮ್ಮ ಕಡೆ ಕಲಿಸುವ ಹೆಂಗಸರನ್ನು ಕರೆಯುವುದೇ ಹಾಗೆ. ರಜೆಗೆ ಊರಿಗೆ ಬಂದಾಗ ಅವಳು ಅಂಗಡಿ ದಾಟುವ ಮೊದಲೇ ಒಳಗಿನಿಂದ ದನಿ ಬರುತ್ತಿತ್ತು: "ಅಕ್ಕೋರ, ಮ್ಯಾಲಿನ ಬೋಲ್ಟ್ ಸಡ್ಲ ಆಗೇತಿ, ಕುಂದರ್ರಿ." ತಲೆ ಎತ್ತಿ ನೋಡುತ್ತಲೂ ಇರಲಿಲ್ಲ, ಬರೀ ನಡಿಗೆಯ ಸದ್ದು ಕೇಳಿ ಹೇಳುತ್ತಿದ್ದರು. ಅವರು ಹೇಳಿದ ಬೋಲ್ಟೇ ಸಡಿಲಾಗಿರುತ್ತಿತ್ತು.

ಚಾಚಾ ತೀರಿಕೊಂಡು ಎಷ್ಟೋ ಕಾಲವಾಯಿತು. ನಿವೃತ್ತಳಾದ ಅಕ್ಕ ಈಗ ನನ್ನ ಜೊತೆಗೇ ಇದ್ದಾಳೆ, ಹಗುರವಾದ ಹೊಸ ಕ್ಯಾಲಿಪರ್ ಹಾಕುತ್ತಾಳೆ. ನಿನ್ನೆ ಪಡಸಾಲೆ ದಾಟುವಾಗ ಅವಳ ಕಾಲಿನಿಂದ ಸಣ್ಣಗೆ ಕಿರ್ ಎಂದಿತು. ನಾನು ಬಗ್ಗಿ ಸ್ಕ್ರೂಗಳನ್ನೆಲ್ಲ ಮುಟ್ಟಿ ಮುಟ್ಟಿ ನೋಡಿದೆ. ಯಾವುದು ಸಡಿಲವೆಂದು ತಿಳಿಯಲೇ ಇಲ್ಲ. ಅಕ್ಕ ಇನ್ನೆರಡು ಹೆಜ್ಜೆ ಇಟ್ಟಳು, ಮತ್ತೆ ಕಿರ್ ಎಂದಿತು. ಗೋಡೆ ಹಿಡಿದು ನಿಂತು ಅಂದಳು:

"ಚಾಚಾ ಇರಬೇಕಾಗಿತ್ತ ನೋಡು."