ಅವಳಿಗೆ ಕಾಲರ್ ಕಚ್ಚುತ್ತದೆ

ಒಂದು ಜೊತೆ ಸಾಕ್ಸ್ ವಿಷಯಕ್ಕೆ ನಾನು ಮಗಳಿಗೆ ಹೊಡೆದೆ.

ಬೆಳಿಗ್ಗೆ ಏಳೂಮುಕ್ಕಾಲು. ಎಂಟೂ ಹತ್ತಕ್ಕೆ ನನ್ನ ಬಸ್ಸು. ಕಡೂರಿನಿಂದ ಅಜ್ಜಂಪುರಕ್ಕೆ ದಿನಾ ಓಡಾಡುವ ಹೈಸ್ಕೂಲ್ ಟೀಚರ್ ನಾನು (ಈ ಅಂಕಣದ ಅರ್ಧ ಭಾಗ ಆ ಬಸ್ಸಿನಲ್ಲೇ ತಯಾರಾಗುತ್ತದೆ ಅನ್ನುವುದು ನಿಮಗೂ ಗೊತ್ತು). ಮಗಳು ಸಿಂಚನಾ, ಮೂರನೇ ಕ್ಲಾಸು. ಸಾಕ್ಸ್ ಹಾಕುತ್ತಾಳೆ, ತೆಗೆಯುತ್ತಾಳೆ. ತಿರುಗಿಸಿ ಹಾಕುತ್ತಾಳೆ, ಮತ್ತೆ ತೆಗೆಯುತ್ತಾಳೆ.

"ಬೆರಳ ಹತ್ರ ಗೆರೆ ಇದೆ ಅಮ್ಮಾ. ಚುಚ್ತಿದೆ."

ಆರನೇ ಸಲ ತೆಗೆದಾಗ ನನ್ನ ಕೈ ಅವಳ ಬೆನ್ನ ಮೇಲೆ ಬಿತ್ತು. ಅವಳು ಅಳಲಿಲ್ಲ. ಸಾಕ್ಸ್ ಹಾಕಿಕೊಂಡಳು, ಶೂ ಹಾಕಿಕೊಂಡಳು, ಕಾಲ್ಬೆರಳು ಮಡಚಿಕೊಂಡು ಕುಂಟುತ್ತಾ ಹೋಗಿ ಆಟೋ ಹತ್ತಿದಳು. ಬಸ್ಸು ಸಿಕ್ಕಿತು. ನಾನು ಗೆದ್ದಿದ್ದೆ.

ಹತ್ತು ಗಂಟೆಗೆ ಅವಳ ಸ್ಕೂಲಿನಿಂದ ಫೋನು. ಪ್ರೇಯರ್ ನಡೆಯುತ್ತಿರುವಾಗ ಮೈಕ್ ಕೀರಲು ಸದ್ದು ಮಾಡಿತಂತೆ. ಇವಳು ಕಿವಿ ಮುಚ್ಚಿಕೊಂಡು ಕಿರುಚಿ, ಶೂ, ಸಾಕ್ಸ್, ಟೈ ಎಲ್ಲ ಕಿತ್ತೆಸೆದು ಓಡಿದಳಂತೆ. ಅರ್ಧ ದಿನ ರಜೆ ಬರೆದುಕೊಟ್ಟು ಕಡೂರಿಗೆ ವಾಪಸ್ ಬಂದೆ.

"ನೀವೂ ಟೀಚರ್ರೇ ಮೇಡಂ," ಅಂದರು ಅಲ್ಲಿನ ಹೆಡ್‌ಮಿಸ್ಟ್ರೆಸ್. "ಶಿಸ್ತು ಮನೇಲೇ ಶುರುವಾಗ್ಬೇಕು ಅಂತ ನಿಮಗೆ ನಾನು ಹೇಳ್ಬೇಕಾ?"

ನಾನು ತಲೆ ಅಲ್ಲಾಡಿಸಿದೆ. (ಇದೇ ಮಾತನ್ನು ನಾನು ಎಷ್ಟು ಜನ ತಂದೆತಾಯಿಗೆ ಹೇಳಿಲ್ಲ!) ಸಿಂಚನಾ ಆಫೀಸಿನ ಬೀರು ಮತ್ತು ಗೋಡೆಯ ನಡುವಿನ ಸಂದಿಯಲ್ಲಿ ಒತ್ತಿಕೊಂಡು ಕೂತಿದ್ದಳು. ಎತ್ತಿಕೊಂಡಾಗ ಕಂಡಿತು, ಅವಳ ಕತ್ತಿನ ಹಿಂಭಾಗ. ಕಾಲರ್ ಲೇಬಲ್ ಇರುವ ಜಾಗದಲ್ಲಿ ಉಗುರಿನಿಂದ ಕೆರೆದು ಕೆರೆದು ರಕ್ತ ಜಿನುಗಿತ್ತು.

"ಕಾಲರ್ ಕಚ್ಚುತ್ತೆ ಅಂತ ಹೇಳಿದ್ದೆ ಅಲ್ವಾ ಅಮ್ಮಾ," ಅಂದಳು.

ಹೇಳಿದ್ದಳು. ಒಂದು ಸಲವಲ್ಲ, ನೂರು ಸಲ. ಹಠ ಮಾಡುವ ಮಗು ರಕ್ತ ಬರುವ ಹಾಗೆ ಕೆರೆದುಕೊಳ್ಳುತ್ತದಾ? ಈ ಪ್ರಶ್ನೆ ನನಗೆ ಎಂಟು ವರ್ಷ ಯಾಕೆ ಬರಲಿಲ್ಲ? ಮಿಕ್ಸಿ ಹಾಕಿದರೆ ಹಿತ್ತಲಿಗೆ ಓಡುತ್ತಿದ್ದಳು. ತಲೆ ಬಾಚಲು ಹೋದರೆ ಮನೆಯೆಲ್ಲ ರಂಪ. "ಮುದ್ದು ಜಾಸ್ತಿ ಆಯ್ತು ಕಣಮ್ಮ, ಗದರಿಸು, ಸರಿ ಹೋಯ್ತಾಳೆ," ಎನ್ನುತ್ತಿದ್ದರು ನಮ್ಮತ್ತೆ. ನಾನು ಗದರಿಸುತ್ತಲೇ ಇದ್ದೆ.

ಮಕ್ಕಳ ಡಾಕ್ಟರು ಶಿವಮೊಗ್ಗದ ಒಬ್ಬ ಥೆರಪಿಸ್ಟ್ ಹತ್ತಿರ ಕಳಿಸಿದರು. ಚಿಕ್ಕ ವಯಸ್ಸಿನ ಹುಡುಗಿ. ಸಿಂಚನಾಳ ಜೊತೆ ಗಂಟೆಗಟ್ಟಲೆ ಆಡಿ, ಆಮೇಲೆ ನನ್ನನ್ನು ಕೇಳಿದಳು. "ಮೇಡಂ, ನೀವು ಹಾಕ್ಕೊಂಡಿರೋ ಬಳೆ ಈಗ ನಿಮ್ಮ ಕೈಗೆ ಗೊತ್ತಾಗ್ತಿದೆಯಾ?"

"ಇಲ್ಲ."

"ಅವಳಿಗೆ ಸಂಜೆವರೆಗೂ ಗೊತ್ತಾಗ್ತಾನೇ ಇರುತ್ತೆ. ಬಟ್ಟೆ, ಫ್ಯಾನು, ಪಕ್ಕದವಳ ಪೆನ್ಸಿಲ್ ಸದ್ದು, ಎಲ್ಲಾ ಒಟ್ಟಿಗೆ. ಯಾವುದು ಬೇಕು, ಯಾವುದು ಬೇಡ ಅಂತ ವಿಂಗಡಿಸೋದು ಅವಳ ಮೆದುಳಿಗೆ ಕಷ್ಟ."

ಇದಕ್ಕೆ ಸೆನ್ಸರಿ ಪ್ರೊಸೆಸಿಂಗ್ ತೊಂದರೆ ಅನ್ನುತ್ತಾರಂತೆ. ಕೆಲವು ಮಕ್ಕಳಿಗೆ ಎಲ್ಲವೂ ಅತಿಯಾಗಿ ತಾಗುತ್ತದೆ. ಇನ್ನು ಕೆಲವರಿಗೆ ಬಿದ್ದು ಪೆಟ್ಟಾದರೂ ಅಷ್ಟಾಗಿ ತಾಗುವುದಿಲ್ಲ. ಮಾತ್ರೆ ಕೊಟ್ಟು ಮುಗಿಸುವಂಥದ್ದಲ್ಲ. ಭಾರ ಹೊರುವ, ಜೋಕಾಲಿ ಆಡುವ, ಹಿಟ್ಟು ನಾದುವ ಕೆಲಸ ಕೊಡಿ, ಮೈ ಸಮಾಧಾನಕ್ಕೆ ಬರುತ್ತದೆ ಅಂದಳು. ಸದ್ದಿರುವ ಕಡೆಗೆ ಕಿವಿ ಮುಚ್ಚುವ ಹೆಡ್‌ಫೋನಿನಂಥದ್ದೊಂದು ತರಿಸಿಕೊಳ್ಳಿ ಅಂದಳು.

ತರಿಸಿದೆವು. ಮುಂದಿನ ಭಾನುವಾರ ಶಿವಮೊಗ್ಗಕ್ಕೆ ಹೋಗುವಾಗ ತರೀಕೆರೆ ಬಸ್‌ಸ್ಟ್ಯಾಂಡ್. ಹಾರ್ನು, ವಿಷಲ್, ಸೌತೆಕಾಯಿ ಮಾರುವವರ ಕೂಗು. ಸಿಂಚನಾ ಆ ಹೆಡ್‌ಫೋನು ಕಿವಿಗೇರಿಸಿಕೊಂಡು ಹಾಯಾಗಿ ಕೂತಿದ್ದಳು. ಮುಂದಿನ ಸೀಟಿನ ಯಜಮಾನರು ತಿರುಗಿ, ಸ್ವಲ್ಪ ಸರಿಸುವಂತೆ ಸನ್ನೆ ಮಾಡಿ, "ಏನವ್ವಾ, ಯಾವ ಹಾಡು ಕೇಳ್ತಿದೀಯಾ?" ಅಂದರು.

"ಯಾವುದೂ ಇಲ್ಲ ತಾತ. ಏನೂ ಕೇಳ್ದೇ ಇರ್ಲಿ ಅಂತ ಹಾಕ್ಕೊಂಡಿದೀನಿ."

ಅವರು ಕಿಟಕಿಯಾಚೆಯ ಗದ್ದಲದ ಕಡೆ ನೋಡಿ, "ನಂಗೂ ಒಂದು ಕೊಡ್ಸವ್ವ," ಅಂದರು. ಬಸ್ಸು ನಕ್ಕಿತು. ನಾನೂ ನಕ್ಕೆ, ಎಷ್ಟೋ ದಿನದ ಮೇಲೆ.

ಯೂನಿಫಾರಂ ತೆಗೆದುಕೊಂಡು ನಮ್ಮ ಬೀದಿಯ ದರ್ಜಿ ಖಲೀಲ್ ಸಾಬರ ಹತ್ತಿರ ಹೋದೆ. ಲೇಬಲ್ ಕಿತ್ತುಕೊಡಿ ಸಾಕು ಅಂದೆ. ಅವರು ಶರ್ಟನ್ನು ಒಳಹೊರಗು ಮಾಡಿ, ತಮ್ಮ ಕೆನ್ನೆಗೆ ಉಜ್ಜಿ ನೋಡಿದರು. "ಬರೀ ಲೇಬಲ್ ಅಲ್ಲ ಮೇಡಂ. ಈ ಹೊಲಿಗೆ ಎಲ್ಲಾ ಕಡೆ ಕಚ್ತದೆ. ಮನೇಲಿ ಹಳೇ ಕಾಟನ್ ಪಂಚೆ ಇದ್ರೆ ಕೊಡಿ, ಒಳಗಡೆ ಇಟ್ಟು ಹೊಲಿದುಕೊಡ್ತೀನಿ." ಆಮೇಲೆ ಮೆಷಿನ್ನಿನಿಂದ ತಲೆ ಎತ್ತದೆ ಅಂದರು. "ಕಂಕುಳು ಹಿಡೀತದೆ, ಕತ್ತು ಚುಚ್ತದೆ ಅಂತ ದೊಡ್ಡೋರು ದಿನಾ ಬತ್ತಾರೆ. ಸರಿ ಮಾಡಿಕೊಡ್ತೀನಿ. ಅದನ್ನೇ ಮಕ್ಕಳು ಹೇಳಿದ್ರೆ ನೀವೆಲ್ಲ ಹಠ ಅಂತೀರಿ."

ಮನೆಗೆ ಹೋಗಿ ಹಳೇ ಪಂಚೆ ತಂದುಕೊಟ್ಟೆ.

ಸ್ಕೂಲು ಮಾತ್ರ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಒಬ್ಬಳಿಗೆ ಶೂ ಬದಲು ಸ್ಯಾಂಡಲ್ ಬಿಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ ಅಂದರು. ಥೆರಪಿಸ್ಟ್ ಚೀಟಿ ತೋರಿಸಿದೆ. ಎರಡು ಸಲ ಹೋದೆ, ಮೂರನೇ ಸಲ ದನಿ ಏರಿಸಿದೆ. ಕೊನೆಗೆ ದಾರಿ ಮಾಡಿದ್ದು ಹೊಸದಾಗಿ ಸೇರಿದ್ದ ಕ್ಲಾಸ್ ಟೀಚರ್. ಬೆಲ್ ಹೊಡೆಯುವ ಐದು ನಿಮಿಷ ಮುಂಚೆ ಸಿಂಚನಾಳ ಕೈಗೆ ಇಡೀ ಕ್ಲಾಸಿನ ನೋಟ್‌ಬುಕ್ ರಾಶಿ ಕೊಟ್ಟು ಸ್ಟಾಫ್‌ರೂಮಿಗೆ ಕಳಿಸತೊಡಗಿದರು. ಭಾರ ಹೊತ್ತ ಹಾಗೂ ಆಯಿತು, ಬೆಲ್ ತಲೆಯ ಮೇಲೇ ಬಡಿಯುವುದೂ ತಪ್ಪಿತು. ಇವಳು ಮನೆಗೆ ಬಂದು, "ನಾನು ಬುಕ್ಸ್ ಲೀಡರ್ ಕಣಜ್ಜಿ," ಅಂತ ಜಂಬ ಕೊಚ್ಚಿದಳು. ಸ್ಯಾಂಡಲ್ಲಿಗೂ ಒಪ್ಪಿಗೆ ಸಿಕ್ಕಿತು. ಬೇರೆ ಯಾವ ಮಗುವೂ ಸ್ಯಾಂಡಲ್ ಕೇಳಲಿಲ್ಲ.

ಎಲ್ಲ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಊಟದ ಹೊತ್ತಿನ ತಟ್ಟೆಗಳ ಸದ್ದಿಗೆ ಈಗಲೂ ಅವಳು ಅರ್ಧ ತಿಂದು ಏಳುತ್ತಾಳೆ. ಕೆಲವು ಬೆಳಿಗ್ಗೆ ಪಂಚೆ ಹೊಲಿದ ಶರ್ಟೂ ಕಚ್ಚುತ್ತದೆ. ಆಗ ನನ್ನ ಕೈ ತಾನಾಗಿ ಅರ್ಧ ಮೇಲೇಳುತ್ತದೆ. ತಡೆದುಕೊಳ್ಳುತ್ತೇನೆ. ಆದರೆ ಅವಳು ಅಷ್ಟರಲ್ಲಿ ಬೆನ್ನು ಕುಗ್ಗಿಸಿಕೊಂಡಿರುತ್ತಾಳೆ. ಅದನ್ನು ಏನು ಮಾಡಲಿ?

ಇಷ್ಟೆಲ್ಲ ಕಲಿತ ನಾನು ಮೊನ್ನೆ ಗುರುವಾರ ಒಂಬತ್ತನೇ ಕ್ಲಾಸಿಗೆ ಹೋದೆ. ತಗಡಿನ ಮಾಡಿನ ರೂಮು. ಹುಡುಗರು ಬೆಂಚು ಎಳೆದರು, ಕಲ್ಲಿನ ನೆಲದ ಮೇಲೆ ಕರ್ರೆಂದು. ಮೂರನೇ ಸಾಲಿನ ರುಕ್ಸಾನಾ ಎರಡೂ ಕಿವಿಗೆ ಅಂಗೈ ಒತ್ತಿಕೊಂಡು ಕಣ್ಣು ಮುಚ್ಚಿದಳು. ಒಂದೂವರೆ ವರ್ಷದಿಂದ ಅವಳು ಹೀಗೆ ಮಾಡುತ್ತಾಳೆ. ಒಂದೂವರೆ ವರ್ಷದಿಂದ ನಾನು "ಡ್ರಾಮಾ ಕ್ವೀನ್, ಕೈ ಇಳಿಸು" ಅಂದಿದ್ದೇನೆ. ಕ್ಲಾಸೆಲ್ಲ ನಕ್ಕಿದೆ. ಎರಡು ಸಲ ಹೊರಗೂ ನಿಲ್ಲಿಸಿದ್ದೇನೆ.

ಅವಳ ಬೆಂಚಿನ ಹತ್ತಿರ ಹೋಗಿ, ಬಗ್ಗಿ, ಮೆಲ್ಲಗೆ ಕೇಳಿದೆ. "ಸದ್ದು ತುಂಬಾ ಆಗ್ತಿದೆಯೇನಮ್ಮಾ?"

ಅವಳು ಬೆಚ್ಚಿ ಎದ್ದು ನಿಂತಳು. ಕೈ ಎರಡೂ ಕೆಳಗೆ. "ಇಲ್ಲ ಮೇಡಂ. ಸಾರಿ ಮೇಡಂ. ಇನ್ಮೇಲೆ ಹಂಗೆ ಮಾಡಲ್ಲ."

ನೋವಾದದ್ದಕ್ಕೆ ಸಾರಿ ಕೇಳಬೇಕು ಅನ್ನುವ ಪಾಠವನ್ನು ಅವಳಿಗೆ ನಾನಲ್ಲದೆ ಇನ್ಯಾರು ಕಲಿಸಿದ್ದು?